ಇಳಿದ ಬೆಲೆ, ಇಳಿಯದ ಬಿಲ್ಲು

ಹತ್ತು ಲಕ್ಷ ರೂಪಾಯಿ ಕೂಡಿಸಿಕೊಂಡು ಕಾರು ಕೊಳ್ಳಲು ಹೊರಟ ಕುಟುಂಬದ ಮುಂದೆ ಇವತ್ತು ಎರಡು ಕಾರು ಬಂದು ನಿಲ್ಲುತ್ತವೆ. ಒಂದು, ಶೋರೂಮಿನಿಂದ ನೇರವಾಗಿ ಬರುವ ಹೊಸ ಸಣ್ಣ ಕಾರು. ಇನ್ನೊಂದು, ಹನ್ನೆರಡು ಹದಿಮೂರು ವರ್ಷ ಓಡಿದ ಬಿಎಂಡಬ್ಲ್ಯು 5 ಸೀರೀಸ್, ಮರ್ಸಿಡಿಸ್ ಇ-ಕ್ಲಾಸ್ ಅಥವಾ ಆಡಿ ಎ6. ಹೊಸದರಲ್ಲಿ ನಲವತ್ತು ಲಕ್ಷದ ಆಸುಪಾಸಿನಲ್ಲಿದ್ದ ಈ ಕಾರು ಈಗ ಅದೇ ಹತ್ತು ಲಕ್ಷಕ್ಕೆ, ಒಮ್ಮೊಮ್ಮೆ ಅದಕ್ಕೂ ಕಡಿಮೆಗೆ ಸಿಗುತ್ತದೆ. ಎಣ್ಣೆ ಮಿಲ್ಲು, ರೇಷ್ಮೆ ಸೀರೆಯ ವ್ಯಾಪಾರ, ರಸ್ತೆ ಗುತ್ತಿಗೆ ಹೀಗೆ ಯಾವುದೋ ಒಂದರಲ್ಲಿ ನಾಲ್ಕು ಕಾಸು ಕಂಡ ಮನೆಗೆ ಎರಡನೆಯದರ ಮೇಲೆ ಕಣ್ಣು ಬೀಳುವುದು ಸಹಜ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಬಾಗಿಲು ಮುಚ್ಚಿದಾಗಿನ ಗಟ್ಟಿ ಸದ್ದು, ನೂರು ದಾಟಿದರೂ ಅಲುಗದ ಸ್ಟಿಯರಿಂಗು, ಹಿಂದಿನ ಸೀಟಿನಲ್ಲಿ ಕೂತ ವಯಸ್ಸಾದವರ ಬೆನ್ನಿಗೆ ಸಿಗುವ ಸುಖ, ಇವೆಲ್ಲ ನಿಜವಾದ ಗುಣಗಳೇ. ಆದರೆ ಮೊಳಕಾಲ್ಮುರು ತಾಲ್ಲೂಕಿನ ಸಿದ್ದಾಪುರದಲ್ಲೋ ಚಳ್ಳಕೆರೆಯ ಪೇಟೆಯಲ್ಲೋ ಇರುವವರು ಇಂಥ ಕಾರು ಕೊಳ್ಳುವಾಗ ಹಾಕಬೇಕಾದ ಲೆಕ್ಕ ಬೆಂಗಳೂರಿನವರ ಲೆಕ್ಕವಲ್ಲ. ಕೊಳ್ಳುವ ಬೆಲೆ ಇಲ್ಲಿ ಮೊದಲ ಕಂತು ಮಾತ್ರ. ಉಳಿದ ಕಂತುಗಳನ್ನು ಗೊತ್ತು ಮಾಡುವುದು ಕಾರಿನ ಇವತ್ತಿನ ಬೆಲೆಯಲ್ಲ, ಅದರ ಹುಟ್ಟಿದ ದಿನದ ಬೆಲೆ, ಇಲ್ಲಿನ ಬಿಸಿಲು, ಇಲ್ಲಿನ ದೂಳು ಮತ್ತು ಒಳ್ಳೆಯ ಗ್ಯಾರೇಜಿಗೆ ಇರುವ ದೂರ.

ಮೊದಲು ಬೆಲೆಯ ಮಾತು. ನಲವತ್ತು ಲಕ್ಷದ ಕಾರು ಹತ್ತು ಲಕ್ಷಕ್ಕೆ ಇಳಿದಾಗ ಅದರ ಹೆಡ್‌ಲೈಟಿನ ಬೆಲೆಯೂ ಕಾಲು ಭಾಗಕ್ಕೆ ಇಳಿಯುವುದಿಲ್ಲ. ಗೇರ್‌ಬಾಕ್ಸು, ಎ.ಸಿ. ಕಂಪ್ರೆಸರು, ಸಸ್ಪೆನ್ಶನ್ನಿನ ಒಂದೊಂದು ತೋಳು ಎಲ್ಲವೂ ನಲವತ್ತು ಲಕ್ಷದ ಕಾರಿಗಾಗಿ ತಯಾರಾದವು, ಅದೇ ದರದಲ್ಲೇ ಮಾರಾಟವಾಗುತ್ತವೆ. ಕಾಲ ಕಳೆದಂತೆ ಡಾಲರು, ಯೂರೋ ಏರಿ ಕೆಲವು ಭಾಗಗಳ ಬೆಲೆ ಕಾರು ಹೊಸದಾಗಿದ್ದಾಗಿನದಕ್ಕಿಂತ ಹೆಚ್ಚೇ ಆಗಿರುತ್ತದೆ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಮೇಲಿನ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದದ್ದು ಒಂದಿಷ್ಟು ಸಮಾಧಾನ ತಂದಿದೆ, ಆದರೆ ಲಕ್ಷದ ಬಿಲ್ಲು ಸಾವಿರಕ್ಕೆ ಬರುವಷ್ಟಲ್ಲ. ಇಷ್ಟು ಒಳ್ಳೆಯ ಕಾರು ಇಷ್ಟು ಅಗ್ಗಕ್ಕೆ ಯಾಕೆ ಬಿಕರಿಯಾಗುತ್ತಿದೆ ಎಂಬ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಮುಂದಿನ ಐದಾರು ವರ್ಷದಲ್ಲಿ ಈ ಕಾರು ಕೇಳಲಿರುವ ರಿಪೇರಿಯ ದುಡ್ಡನ್ನು ಮಾರುಕಟ್ಟೆ ಮೊದಲೇ ಅಂದಾಜು ಮಾಡಿ ಬೆಲೆಯಲ್ಲಿ ಕಳೆದುಬಿಟ್ಟಿರುತ್ತದೆ. ಕೊಳ್ಳುವವರು ಅದನ್ನು ಉಳಿತಾಯ ಎಂದುಕೊಳ್ಳುತ್ತಾರೆ. ಅದು ಮುಂದೂಡಿದ ಸಾಲ.

ಇಂಥ ಕಾರು ನೋಡಲು ಹೋದಾಗ ಎಲ್ಲರೂ ಮೊದಲು ಕೇಳುವುದು ಎಷ್ಟು ಕಿಲೋಮೀಟರ್ ಓಡಿದೆ ಎಂದು. ಅರವತ್ತು ಸಾವಿರ ಎಂದರೆ ಮುಖ ಅರಳುತ್ತದೆ. ಹನ್ನೆರಡು ವರ್ಷದ ಕಾರಿನ ವಿಷಯದಲ್ಲಿ ಈ ಅಂಕಿ ಹೇಳುವುದು ಅರ್ಧ ಸತ್ಯ. ಇಂಜಿನ್ನಿನ ಕಬ್ಬಿಣ ಓಟಕ್ಕೆ ಸವೆಯುತ್ತದೆ ನಿಜ, ಆದರೆ ಈ ಕಾರುಗಳಲ್ಲಿ ಮೊದಲು ಕೈಕೊಡುವುದು ಕಬ್ಬಿಣವಲ್ಲ. ರಬ್ಬರು, ಪ್ಲಾಸ್ಟಿಕ್ಕು, ಅಂಟು, ವೈರಿನ ಮೇಲಿನ ಹೊದಿಕೆ ಮೊದಲು ಹೋಗುತ್ತವೆ. ಅವು ನಿಂತಲ್ಲೇ ಮುದಿಯಾಗುತ್ತವೆ, ಅವುಗಳಿಗೆ ಕಾಲ ಮತ್ತು ಕಾವೇ ಶತ್ರು. ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕನ ಕಾಲದಲ್ಲಿ ಕೆತ್ತಿದ ಅಕ್ಷರಗಳನ್ನು 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಗುರುತಿಸಿದಾಗ ಅವು ಇನ್ನೂ ಓದುವಂತಿದ್ದವು. ಎರಡು ಸಾವಿರ ವರ್ಷಕ್ಕೂ ಮೀರಿದ ಬಿಸಿಲನ್ನು ಕಲ್ಲು ತಡೆದಿತ್ತು. ಅದೇ ಬಿಸಿಲಿನಲ್ಲಿ ನಿಂತ ರಬ್ಬರ್ ಹೋಸು ಹತ್ತು ವರ್ಷ ತಡೆದರೆ ದೊಡ್ಡದು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಹೊರಗಿನ ಕಾವು 40 ಡಿಗ್ರಿ ಹತ್ತಿರಕ್ಕೆ ಹೋದರೆ ಬಾನೆಟ್ಟಿನ ಒಳಗೆ ಅದರ ಎರಡು ಪಟ್ಟು ದಾಟಿರುತ್ತದೆ. ಜರ್ಮನ್ ಕಾರುಗಳಲ್ಲಿ ಕೂಲೆಂಟ್ ತುಂಬುವ ಡಬ್ಬಿ, ಥರ್ಮೋಸ್ಟಾಟಿನ ಕವಚ, ಹೋಸಿನ ತುದಿಯ ಕ್ಲಿಪ್ಪು ಎಲ್ಲ ಪ್ಲಾಸ್ಟಿಕ್. ದಿನಾ ಕಾದು ದಿನಾ ತಣಿದು ಅವು ಬಿಸ್ಕತ್ತಿನಂತಾಗುತ್ತವೆ, ಮೆಕ್ಯಾನಿಕ್ಕು ಕಳಚಲು ಹೋದರೆ ಕೈಯಲ್ಲೇ ತುಂಡಾಗುತ್ತವೆ. ಭಾಗದ ಬೆಲೆ ಕೆಲವೇ ಸಾವಿರ ಇರಬಹುದು. ಆದರೆ ಎ.ಸಿ. ಹಾಕಿಕೊಂಡು ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವಾಗ ಆ ಡಬ್ಬಿ ಸೀಳಿ ನೀರು ಸುರಿದುಹೋದರೆ, ಡ್ರೈವರು ಗಮನಿಸದೆ ಇನ್ನು ಐದು ಕಿಲೋಮೀಟರ್ ಓಡಿಸಿದರೆ, ಅಲ್ಯೂಮಿನಿಯಮ್ಮಿನ ಸಿಲಿಂಡರ್ ಹೆಡ್ಡು ಬಾಗುತ್ತದೆ. ಆಮೇಲಿನ ಮಾತು ಸಾವಿರದ್ದಲ್ಲ, ಲಕ್ಷದ್ದು. ಕೆಲವು ಮಾದರಿಗಳಲ್ಲಿ ಡ್ಯಾಶ್‌ಬೋರ್ಡಿನಲ್ಲಿ ಕಾವು ತೋರಿಸುವ ಮುಳ್ಳೇ ಇಲ್ಲ, ಎಚ್ಚರಿಕೆಯ ದೀಪ ಹತ್ತುವಾಗ ಹೊತ್ತು ಮೀರಿರುತ್ತದೆ.

ಗಾಳಿಯ ಸಸ್ಪೆನ್ಶನ್ ಇರುವ ಕಾರುಗಳದ್ದು ಇದೇ ಕಥೆಯ ದುಬಾರಿ ಅಧ್ಯಾಯ. ಮರ್ಸಿಡಿಸ್ 1998ರಲ್ಲಿ ಎಸ್-ಕ್ಲಾಸಿನಲ್ಲಿ ಏರ್‌ಮ್ಯಾಟಿಕ್ ಎಂಬ ಹೆಸರಿನಲ್ಲಿ ತಂದ ಈ ಏರ್ಪಾಡು ಆಮೇಲೆ ಇ-ಕ್ಲಾಸಿನ ಕೆಲವು ಮಾದರಿಗಳಿಗೂ, ಬೇರೆ ಕಂಪನಿಗಳ ದೊಡ್ಡ ಕಾರುಗಳಿಗೂ ಬಂತು. ಕಬ್ಬಿಣದ ಸ್ಪ್ರಿಂಗಿನ ಬದಲು ನಾಲ್ಕೂ ಮೂಲೆಯಲ್ಲಿ ರಬ್ಬರಿನ ಗಾಳಿಚೀಲ, ಅವುಗಳಿಗೆ ಗಾಳಿ ತುಂಬಲು ಒಂದು ಕಂಪ್ರೆಸರು. ರಸ್ತೆಯ ಹೊಂಡವನ್ನು ಒಳಗಿದ್ದವರಿಗೆ ತಿಳಿಸದೆ ನುಂಗುವುದರಲ್ಲಿ ಇದಕ್ಕೆ ಸಾಟಿಯಿಲ್ಲ. ಆದರೆ ಚೀಲ ಮಡಿಚಿಕೊಳ್ಳುವ ಜಾಗದಲ್ಲಿ ಆಷಾಢದ ಗಾಳಿ ಎಬ್ಬಿಸುವ ಸಣ್ಣ ದೂಳು ಸೇರಿ, ಚಕ್ರ ಏರಿಳಿದಾಗಲೆಲ್ಲ ಉಪ್ಪುಕಾಗದದಂತೆ ತಿಕ್ಕುತ್ತದೆ. ಒಂದು ದಿನ ಕೂದಲೆಳೆಯಷ್ಟು ಸೀಳು ಬೀಳುತ್ತದೆ. ಹಗಲು ಓಡಿಸುವಾಗ ಏನೂ ಗೊತ್ತಾಗುವುದಿಲ್ಲ, ಯಾಕೆಂದರೆ ಸೋರಿದಷ್ಟನ್ನೂ ಕಂಪ್ರೆಸರು ತುಂಬಿಸುತ್ತಿರುತ್ತದೆ. ಬೆಳಿಗ್ಗೆ ಎದ್ದು ಅಂಗಳಕ್ಕೆ ಬಂದು ನೋಡಿದರೆ ಕಾರು ಒಂದು ಮುಂಗಾಲು ಮಡಿಸಿ ಮಂಡಿಯೂರಿದ ಎತ್ತಿನ ಹಾಗೆ ಒಂದು ಮೂಲೆಗೆ ಬಾಗಿ ನಿಂತಿರುತ್ತದೆ. ಸ್ಟಾರ್ಟ್ ಮಾಡಿದರೆ ಗುಂಯ್ ಎಂದು ಸದ್ದು ಮಾಡಿ ಮೆಲ್ಲಗೆ ಏಳುತ್ತದೆ. ಎದ್ದಿತಲ್ಲ ಎಂದು ಸುಮ್ಮನಾದವರು ಕೆಲವು ತಿಂಗಳಲ್ಲಿ ಕಂಪ್ರೆಸರನ್ನೂ ಸುಟ್ಟುಕೊಳ್ಳುತ್ತಾರೆ. ಕಂಪನಿಯ ಭಾಗವೇ ಬೇಕೆಂದರೆ ಒಂದು ಮೂಲೆಯ ಖರ್ಚೇ ಲಕ್ಷದ ಹತ್ತಿರ ಹೋಗುವ ಕಾರುಗಳಿವೆ. ಹೊರಗಿನ ತಯಾರಿಕೆಯದು ಅದರ ಅರ್ಧಕ್ಕೆ ಸಿಗಬಹುದು. ಎರಡೂ ಬದಿಯವನ್ನು ಒಟ್ಟಿಗೆ ಬದಲಿಸುವುದೇ ಸರಿಯಾದ ಕ್ರಮ, ಇಲ್ಲದಿದ್ದರೆ ಆರು ತಿಂಗಳಲ್ಲಿ ಇನ್ನೊಂದು ಬದಿ ಬಾಗುತ್ತದೆ.

ಗೇರ್‌ಬಾಕ್ಸಿನ ವಿಷಯದಲ್ಲಿ ಒಂದು ಮಾತು ಬಹಳ ಜನರನ್ನು ದಾರಿ ತಪ್ಪಿಸಿದೆ, 'ಲೈಫ್‌ಟೈಮ್ ಆಯಿಲ್' ಎಂಬ ಮಾತು. ಅನೇಕ ಕಾರು ಕಂಪನಿಗಳು ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆಯನ್ನು ಬದಲಿಸುವ ಅಗತ್ಯವೇ ಇಲ್ಲ ಎನ್ನುತ್ತಾ ಬಂದವು. ಆದರೆ ಬಿಎಂಡಬ್ಲ್ಯು ಕಾರುಗಳಿಗೆ ಆ ಗೇರ್‌ಬಾಕ್ಸ್ ಮಾಡಿಕೊಡುವ ಝಡ್ಎಫ್ ಕಂಪನಿ 80 ಸಾವಿರದಿಂದ 1 ಲಕ್ಷ 20 ಸಾವಿರ ಕಿಲೋಮೀಟರಿನೊಳಗೆ, ಇಲ್ಲವೇ ಎಂಟು ವರ್ಷಕ್ಕೊಮ್ಮೆ ಎಣ್ಣೆ ಬದಲಿಸಲು ಹೇಳುತ್ತದೆ. ಮಾಡಿದವರ ಮಾತು ಕೇಳಬೇಕೋ ಮಾರಿದವರದ್ದೋ ಎಂದರೆ ಮಾಡಿದವರದ್ದೇ ಸರಿ. ಕೊಳ್ಳುವ ಕಾರಿನ ದಾಖಲೆಯಲ್ಲಿ ಈ ಕೆಲಸ ಒಮ್ಮೆಯೂ ಆಗಿಲ್ಲದಿದ್ದರೆ ಅದರ ಹೊರೆ ನಿಮ್ಮ ತಲೆಗೆ ಬಂತೆಂದೇ ತಿಳಿಯಿರಿ. ಎಣ್ಣೆ ಬದಲಿಸುವ ಖರ್ಚು ಹತ್ತಾರು ಸಾವಿರ, ಗೇರ್ ಹಾಕುವ ವಾಲ್ವ್ ಬಾಡಿಯೋ ಮೆಕಟ್ರಾನಿಕ್ ಘಟಕವೋ ಹೋದರೆ ಅದು ಲಕ್ಷದ ಲೆಕ್ಕ. ಇನ್ನೊಂದು ಪ್ರಸಿದ್ಧ ತೊಂದರೆ 2007ರಿಂದ ಕೆಲವು ವರ್ಷ ಬಂದ ಬಿಎಂಡಬ್ಲ್ಯು 320ಡಿ, 520ಡಿ ಕಾರುಗಳ ಎನ್47 ಡೀಸೆಲ್ ಇಂಜಿನ್ನಿನದು. ಇದರ ಟೈಮಿಂಗ್ ಚೈನು ಇಂಜಿನ್ನಿನ ಮುಂದಲ್ಲ, ಹಿಂದೆ, ಗೇರ್‌ಬಾಕ್ಸ್ ಕಡೆಗೆ ಇದೆ. ಹಾಗಾಗಿ ಚೈನು ಸಡಿಲಾಯಿತೆಂದು ಬದಲಿಸಬೇಕಾದರೆ ಇಂಜಿನ್ನನ್ನೋ ಗೇರ್‌ಬಾಕ್ಸನ್ನೋ ಕೆಳಗಿಳಿಸಲೇಬೇಕು. ಭಾಗಕ್ಕಿಂತ ಕೂಲಿಯೇ ಭಾರ. ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಹಿಂಬದಿಯಿಂದ ಕರಕರ ಸದ್ದು ಬರುತ್ತಿದ್ದರೆ ಆ ಕಾರನ್ನು ಮುಟ್ಟದಿರುವುದೇ ಲೇಸು. ಚೈನು ತುಂಡಾದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಇಂಜಿನ್ನೇ ಹೋಗುತ್ತದೆ.

ಇನ್ನು ನಮ್ಮ ರಸ್ತೆಗಳು. ಹೆದ್ದಾರಿ 150ಎ ಮೇಲೆ ಈ ಕಾರುಗಳಿಗೆ ಯಾವ ತಕರಾರೂ ಇಲ್ಲ. ಹೆದ್ದಾರಿ ಬಿಟ್ಟು ಊರಿನ ದಾರಿಗೆ ತಿರುಗಿದ ಮೇಲೆ ಪ್ರತಿ ಶಾಲೆಯ ಮುಂದೆ, ಪ್ರತಿ ಗುಡಿಯ ಮುಂದೆ ಹಾಕಿಕೊಂಡ ಹಂಪುಗಳಿವೆ. ಉದ್ದದ, ತಗ್ಗಾದ ಸೆಡಾನಿನ ಹೊಟ್ಟೆ ಅವುಗಳಿಗೆ ಉಜ್ಜುತ್ತದೆ. ಮೊದಲು ಕೆಳಗಿನ ಪ್ಲಾಸ್ಟಿಕ್ ಹಲಗೆ ಕಿತ್ತುಬರುತ್ತದೆ, ಆಮೇಲೆ ಆಯಿಲ್ ಚೇಂಬರಿನ ಸರದಿ. ಚೇಂಬರ್ ಸೀಳಿದ್ದು ಗೊತ್ತಾಗದೆ ಓಡಿಸಿ ಇಂಜಿನ್ ಸೀಜಾದರೆ ಸಾಮಾನ್ಯ ವಿಮೆ ಅದನ್ನು ಅಪಘಾತದ ನೇರ ಹಾನಿ ಎಂದು ಒಪ್ಪುವುದಿಲ್ಲ. ಬಿಎಂಡಬ್ಲ್ಯುವಿನ ಬಹುಪಾಲು ಮಾದರಿಗಳು ರನ್‌ಫ್ಲ್ಯಾಟ್ ಟೈರಿನೊಂದಿಗೆ ಬಂದವು, ಡಿಕ್ಕಿಯಲ್ಲಿ ಸ್ಟೆಪ್ನಿಯನ್ನೇ ಇಡದ ಮಾದರಿಗಳಿವೆ. ಗಾಳಿ ಹೋದರೂ ಗಂಟೆಗೆ 80 ಕಿಲೋಮೀಟರ್ ವೇಗ ಮೀರದೆ ಸುಮಾರು 80 ಕಿಲೋಮೀಟರ್ ಓಡಬಲ್ಲದು ಎಂಬುದು ಆ ಟೈರಿನ ಭರವಸೆ. ಜರ್ಮನಿಯಲ್ಲಿ ಅಷ್ಟರೊಳಗೆ ಟೈರಿನ ಅಂಗಡಿ ಸಿಗುತ್ತದೆ. ಇಲ್ಲಿ ಅಷ್ಟರೊಳಗೆ ಅಂಗಡಿ ಸಿಗುತ್ತದೆ, ಆ ಅಳತೆಯ ಟೈರು ಸಿಗುವುದಿಲ್ಲ. ಕಾಲಿಗೆ ಸಿಕ್ಕಿಕೊಳ್ಳುವ ಇನ್ನೊಂದು ಅಪಾಯ ಸುಗ್ಗಿಯದು. ರಸ್ತೆಯ ಮೇಲೆ ಒಕ್ಕಣೆಗೆ ಹರಡಿದ ಹುರುಳಿ ಬಳ್ಳಿ ಚಕ್ರದ ಆಕ್ಸೆಲ್ಲಿಗೆ ಸುತ್ತಿಕೊಂಡು, ಸೈಲೆನ್ಸರಿನ ಕಾವಿಗೆ ಹೊತ್ತಿ ಕಾರುಗಳು ಸುಟ್ಟದ್ದು ನಮ್ಮ ರಾಜ್ಯದಲ್ಲಿ ಮತ್ತೆ ಮತ್ತೆ ಆಗಿದೆ. ಇದು ಎಲ್ಲ ಕಾರಿಗೂ ಇರುವ ಅಪಾಯವೇ. ಆದರೆ ಹೊಟ್ಟೆ ತಗ್ಗಾದ ಕಾರಿಗೆ ಅದು ಹೆಚ್ಚು, ಅದರಲ್ಲೂ ಹೊಗೆಯ ಮಸಿಯನ್ನು ಹಿಡಿದಿಟ್ಟು ಸುಡುವ ಫಿಲ್ಟರ್ ಇರುವ ಡೀಸೆಲ್ ಕಾರಿಗೆ ಇನ್ನೂ ಹೆಚ್ಚು. ಆ ಫಿಲ್ಟರು ತನ್ನೊಳಗಿನ ಮಸಿ ಸುಡುವಾಗ 600 ಡಿಗ್ರಿ ಮುಟ್ಟುತ್ತದೆ. ದಿನಾ ಐದಾರು ಕಿಲೋಮೀಟರ್ ಮಾತ್ರ ಓಡುವ ಕಾರಿನಲ್ಲಿ ಮಸಿ ಸುಡುವ ಕೆಲಸ ಮುಗಿಯುವುದೇ ಇಲ್ಲ, ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಅದನ್ನು ಬದಲಿಸುವುದು ಮತ್ತೊಂದು ದೊಡ್ಡ ಬಿಲ್ಲು. ಶೇಂಗಾ ಮೂಟೆ ಇಟ್ಟ ಮನೆಯ ಪಕ್ಕ ಕಾರು ನಿಲ್ಲಿಸುವವರು ಇಲಿಯನ್ನೂ ಮರೆಯಬಾರದು. ಸಾದಾ ಕಾರಿನ ವೈರು ಕಡಿದರೆ ಊರಿನ ಎಲೆಕ್ಟ್ರಿಷಿಯನ್ನು ಜೋಡಿಸಿ ಟೇಪು ಸುತ್ತಿ ಕೊಡುತ್ತಾನೆ, ಹತ್ತಾರು ಕಂಪ್ಯೂಟರುಗಳು ಒಂದಕ್ಕೊಂದು ಮಾತಾಡುವ ಈ ಕಾರುಗಳಲ್ಲಿ ಒಂದು ಎಳೆ ತುಂಡಾದರೆ ಬ್ರೇಕಿನಿಂದ ಹಾಡಿನ ಪೆಟ್ಟಿಗೆಯವರೆಗೆ ಎಚ್ಚರಿಕೆಯ ದೀಪಗಳು ಸಾಲಾಗಿ ಹತ್ತುತ್ತವೆ.

ಊರಿನ ಮೆಕ್ಯಾನಿಕ್ಕನ ಮಾತು ಬಂದದ್ದರಿಂದ ಇಲ್ಲಿ ಏಳುವ ಒಂದು ಆಕ್ಷೇಪವನ್ನು ನಿಧಾನವಾಗಿ ನೋಡಬೇಕು. 'ನಮ್ಮ ಮೇಸ್ತ್ರಿಗಳು ಬಿಚ್ಚಿ ಜೋಡಿಸದ ಗಾಡಿ ಯಾವುದಿದೆ? ಅಂಬಾಸಿಡರ್ ಕಾಲದಿಂದ ಎಲ್ಲವನ್ನೂ ಇಲ್ಲೇ ರಿಪೇರಿ ಮಾಡಿಸಿಲ್ಲವೇ?' ಎನ್ನುವವರಿದ್ದಾರೆ. ಅವರ ಅಭಿಮಾನ ನ್ಯಾಯವಾದದ್ದು. 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್ ಕಾರನ್ನು ಸ್ಪ್ಯಾನರು, ಸುತ್ತಿಗೆ, ಕಿವಿ ಇಷ್ಟರಿಂದಲೇ ಓಡಿಸಿದ ಕೈಗಳು ಚಳ್ಳಕೆರೆ, ಬಳ್ಳಾರಿಯ ಗ್ಯಾರೇಜುಗಳಲ್ಲಿ ಇದ್ದವು. ಧರ್ಮಸ್ಥಳದ ಕಾರು ಸಂಗ್ರಹಾಲಯದಲ್ಲಿ ಇರುವಂಥ ಹಳೆಯ ಕಾಲದ ಕಾರುಗಳನ್ನು ಇವತ್ತಿಗೂ ಸುಸ್ಥಿತಿಯಲ್ಲಿ ಇಡಬಹುದಾದದ್ದು ಅದೇ ಕಾರಣಕ್ಕೆ: ಅವುಗಳ ಒಳಗೆ ನಡೆಯುವುದೆಲ್ಲ ಕಣ್ಣಿಗೆ ಕಾಣುತ್ತದೆ, ಇಲ್ಲದ ಭಾಗವನ್ನು ಲೇತ್ ಮೇಲೆ ಕಡೆದು ಮಾಡಿಕೊಳ್ಳಬಹುದು. 1995ರಿಂದ ಪುಣೆಯಲ್ಲಿ ಜೋಡಣೆಯಾಗಿ ಬಂದ ಮೊದಲ ಪೀಳಿಗೆಯ ಮರ್ಸಿಡಿಸ್ ಡೀಸೆಲ್ ಕಾರುಗಳೂ ಬಹುಮಟ್ಟಿಗೆ ಈ ಜಾತಿಯವೇ. ಹಾಗಾಗಿ ಕಾರು ಹಳೆಯದು ಎಂಬುದಷ್ಟೇ ತೊಂದರೆಯಲ್ಲ. ತೊಂದರೆ ಸುಮಾರು 2002ರ ನಂತರ ಬಂದ, ಕಂಪ್ಯೂಟರಿನ ಅಪ್ಪಣೆಯಿಲ್ಲದೆ ಏನೂ ಮಾಡದ ಕಾರುಗಳದು. ಬ್ಯಾಟರಿ ಬದಲಿಸಿದರೂ ಹೊಸದು ಬಂತೆಂದು ಕಾರಿಗೆ ಸ್ಕ್ಯಾನರಿನಿಂದ ತಿಳಿಸಬೇಕಾದ ಮಾದರಿಗಳಿವೆ. 2002ರಲ್ಲಿ ಬಂದ ಇ-ಕ್ಲಾಸಿನ ವಿದ್ಯುತ್ ಬ್ರೇಕ್ ವ್ಯವಸ್ಥೆ ತನ್ನ ಪಂಪು ಎಷ್ಟು ಸಲ ಕೆಲಸ ಮಾಡಿತೆಂದು ತಾನೇ ಎಣಿಸಿಟ್ಟುಕೊಂಡು, ನಿಗದಿತ ಎಣಿಕೆ ಮುಗಿದಾಗ ಘಟಕ ಬದಲಿಸಲು ಕೇಳುತ್ತಿತ್ತು. ಜಗತ್ತಿನಾದ್ಯಂತ ಲಕ್ಷಾಂತರ ಕಾರುಗಳನ್ನು ಹಿಂದಕ್ಕೆ ಕರೆಸಿ ಸರಿಪಡಿಸಬೇಕಾಗಿ ಬಂದು, 2006ರ ಹೊತ್ತಿಗೆ ಕಂಪನಿಯೇ ಇ-ಕ್ಲಾಸಿನಿಂದ ಅದನ್ನು ಕೈಬಿಟ್ಟಿತು.

ಅಂದರೆ ನಮ್ಮ ಮೇಸ್ತ್ರಿಗೆ ಕೈಚಳಕ ಕಡಿಮೆಯಿಲ್ಲ, ಬೀಗದ ಕೈ ಅವನ ಹತ್ತಿರ ಇಲ್ಲ. ಕಂಪನಿಯ ಸಾಫ್ಟ್‌ವೇರು, ವೈರಿಂಗ್ ನಕ್ಷೆ, ಅಸಲಿ ಬಿಡಿಭಾಗ ಹೊರಗಿನ ಗ್ಯಾರೇಜಿಗೆ ಸಿಗದಂತೆ ನೋಡಿಕೊಳ್ಳುವುದು ಬರೀ ಆರೋಪವಲ್ಲ. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಇದೇ ಕಾರಣಕ್ಕೆ ಹದಿನಾಲ್ಕು ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ವಿಧಿಸಿತು. ಅವುಗಳಲ್ಲಿ ಸಾಮಾನ್ಯರ ಕಾರು ಮಾಡುವವರೂ ಇದ್ದರು, ಐಷಾರಾಮಿ ಕಾರಿನವರೂ ಇದ್ದರು. ಕಂಪನಿಗಳು ಮೇಲ್ಮನವಿಗೆ ಹೋದವು. 2022ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 'ರಿಪೇರಿಯ ಹಕ್ಕು' ಕುರಿತು ಸಮಿತಿ ಮಾಡಿದಾಗ ವಾಹನಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತು. ಈ ಹಕ್ಕು ಕಾಗದದಿಂದ ಗ್ಯಾರೇಜಿನವರೆಗೆ ಬಂದ ದಿನ ಚಳ್ಳಕೆರೆಯ ಒಬ್ಬ ಹುಡುಗ ಐಟಿಐ ಮುಗಿಸಿ, ಸ್ಕ್ಯಾನರು ಕೊಂಡು, ಈ ಕಾರುಗಳನ್ನು ಇಲ್ಲೇ ರಿಪೇರಿ ಮಾಡಬಲ್ಲ. ಆಗ ನನ್ನ ವಾದದ ಅರ್ಧ ಬಿದ್ದುಹೋಗುತ್ತದೆ, ಬೀಳಲಿ ಎಂದೇ ನನ್ನ ಆಸೆ. ಆದರೆ ಇವತ್ತು ಕಾರು ಕೊಳ್ಳುವವರು ಇವತ್ತಿನ ಸ್ಥಿತಿಯನ್ನು ನೋಡಿಯೇ ಕೊಳ್ಳಬೇಕು.

ಇವತ್ತಿನ ಸ್ಥಿತಿಯೆಂದರೆ ದೂರ. ಸಿದ್ದಾಪುರದಿಂದ ಬೆಂಗಳೂರಿಗೆ ಸುಮಾರು 250 ಕಿಲೋಮೀಟರ್. ಈ ಕಾರುಗಳನ್ನು ಬಲ್ಲ ಗ್ಯಾರೇಜುಗಳು, ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳು ಎಲ್ಲ ಇರುವುದು ಅಲ್ಲಿ. ಆಟೊಮ್ಯಾಟಿಕ್ ಕಾರನ್ನು ಹಗ್ಗ ಕಟ್ಟಿ ಟ್ರ್ಯಾಕ್ಟರಿನಿಂದ ಎಳೆಸಿದರೆ ಎಣ್ಣೆ ಹರಿಯದೆ ಗೇರ್‌ಬಾಕ್ಸು ಸುಡುತ್ತದೆ, ಹಾಗಾಗಿ ಕಾರನ್ನು ಪೂರ್ತಿ ಮೇಲೆತ್ತಿ ಸಾಗಿಸುವ ಲಾರಿಯೇ ಬೇಕು. ಬರೀ ಎರಡು ಸಾವಿರದ ಸೆನ್ಸರು ಹೋದರೂ ಅದರ ಹಿಂದೆ ಲಾರಿಯ ಬಾಡಿಗೆ, ಗ್ಯಾರೇಜಿನಲ್ಲಿ ಸರದಿ ಕಾಯುವ ವಾರ, ಮರಳಿ ತರಲು ಮತ್ತೊಂದು ಪ್ರಯಾಣ ಸೇರಿಕೊಳ್ಳುತ್ತವೆ. ಬೆಂಗಳೂರಿನವರಿಗೆ ಎರಡು ಸಾವಿರದಲ್ಲಿ ಮುಗಿಯುವ ಕೆಲಸ ಇಲ್ಲಿನವರಿಗೆ ಇಪ್ಪತ್ತು ಸಾವಿರವಾಗುವುದು ಹೀಗೆ. ದುಡ್ಡಿಗಿಂತ ದೊಡ್ಡ ನಷ್ಟವೂ ಇದೆ. ಮನೆಯಲ್ಲಿ ಇರುವುದು ಅದೊಂದೇ ಕಾರಾದರೆ, ರಾತ್ರಿ ಹೊತ್ತು ಯಾರನ್ನೋ ಚಿತ್ರದುರ್ಗದ ಅಥವಾ ಬಳ್ಳಾರಿಯ ಆಸ್ಪತ್ರೆಗೆ ಒಯ್ಯಬೇಕಾಗಿ ಬಂದಾಗ ಅದು ಬೆಂಗಳೂರಿನ ಗ್ಯಾರೇಜಿನಲ್ಲಿ ಬಿಡಿಭಾಗಕ್ಕೆ ಕಾಯುತ್ತಿರಬಹುದು.

ಹೊಸ ಕಾರೂ ನಷ್ಟವೇ ಅಲ್ಲವೇ, ಶೋರೂಮಿನ ಬಾಗಿಲು ದಾಟುತ್ತಲೇ ಬೆಲೆ ಇಳಿಯುವುದಿಲ್ಲವೇ ಎಂಬ ವಾದ ಗಟ್ಟಿಯಾದದ್ದು, ಅದಕ್ಕೆ ಲೆಕ್ಕದಿಂದಲೇ ಉತ್ತರ ಕೊಡಬೇಕು. ಉದಾಹರಣೆಗೆ ಹತ್ತು ಲಕ್ಷದ ಹೊಸ ಸಣ್ಣ ಕಾರನ್ನು ಐದು ವರ್ಷ ಓಡಿಸಿ ಐದು ಲಕ್ಷಕ್ಕೆ ಮಾರಿದಿರಿ ಎಂದುಕೊಳ್ಳೋಣ. ಬೆಲೆಯಲ್ಲಿ ಐದು ಲಕ್ಷ ಹೋಯಿತು, ಸರ್ವಿಸಿಗೆ ಅರವತ್ತು ಎಪ್ಪತ್ತು ಸಾವಿರ. ಒಟ್ಟು ಐದೂಮುಕ್ಕಾಲು ಲಕ್ಷದೊಳಗೆ ಮುಗಿಯುತ್ತದೆ. ಅದೇ ಒಂಬತ್ತು ಲಕ್ಷಕ್ಕೆ ಹನ್ನೆರಡು ವರ್ಷದ ಐಷಾರಾಮಿ ಸೆಡಾನ್ ತಂದರೆ, ಐದು ವರ್ಷ ಕಳೆದು ಹದಿನೇಳು ವರ್ಷದ ಅದನ್ನು ಮೂರು ಲಕ್ಷಕ್ಕೆ ಕೊಡುವುದೂ ಕಷ್ಟ. ಬೆಲೆಯಲ್ಲೇ ಆರು ಲಕ್ಷ ಹೋಯಿತು. ವರ್ಷಕ್ಕೊಮ್ಮೆ ಎಣ್ಣೆ, ಫಿಲ್ಟರು, ಬ್ರೇಕ್ ಪ್ಯಾಡು ಎಂದು ಮೂವತ್ತು ಸಾವಿರದಂತೆ ಒಂದೂವರೆ ಲಕ್ಷ. ಐದು ವರ್ಷದಲ್ಲಿ ಒಮ್ಮೆ ಸಸ್ಪೆನ್ಶನ್ನಿಗೆ ಎರಡು ಲಕ್ಷ, ಗೇರ್‌ಬಾಕ್ಸಿಗೆ ಒಂದೂವರೆ, ಒಂದು ಸೆಟ್ ಟೈರಿಗೆ ಒಂದು, ಕೂಲಿಂಗಿಗೆ ಅರ್ಧ ಎಂದು ಹಿಡಿದರೂ ಇನ್ನೈದು ಲಕ್ಷ. ಹನ್ನೆರಡೂವರೆ ಲಕ್ಷವಾಯಿತು. ಇದರಲ್ಲಿ ಇಂಜಿನ್ ಕೆಲಸವನ್ನು ನಾನು ಸೇರಿಸಿಯೇ ಇಲ್ಲ, ಲಾರಿ ಬಾಡಿಗೆಯನ್ನೂ ಸೇರಿಸಿಲ್ಲ. ಬೆಲೆ ಇಳಿದು ಮುಗಿದ ಕಾರು ಕೊಂಡರೆ ಇನ್ನು ಇಳಿಯಲು ಏನಿದೆ ಎಂಬ ಮಾತು ಕೇಳಲು ಚೆಂದ, ಆದರೆ ಇಳಿಯುವುದು ನಿಂತ ಜಾಗದಿಂದ ಖರ್ಚು ಏರಲು ಶುರುವಾಗುತ್ತದೆ.

ಸುರಕ್ಷತೆಯ ವಾದಕ್ಕೆ ನಾನು ತಲೆಬಾಗುತ್ತೇನೆ, ಆದರೆ ಒಂದು ಷರತ್ತಿನ ಮೇಲೆ. ದಪ್ಪ ತಗಡು, ಆರೆಂಟು ಏರ್‌ಬ್ಯಾಗು, ಹಿಡಿದಲ್ಲಿ ನಿಲ್ಲುವ ಬ್ರೇಕು ಇರುವ ಕಾರು ಹೆದ್ದಾರಿಯಲ್ಲಿ ಜೀವ ಉಳಿಸುತ್ತದೆ. ಆದರೆ ಆ ಬ್ರೇಕು, ಟೈರು, ಸಸ್ಪೆನ್ಶನ್ ಬುಷ್ಷುಗಳು ಹೊಸದರಂತೆ ಇದ್ದಾಗ ಮಾತ್ರ. ದುಬಾರಿ ಎಂದು ಟೈರನ್ನು ಒಂದು ವರ್ಷ, ಬುಷ್ಷನ್ನು ಎರಡು ವರ್ಷ ಮುಂದೂಡಿದ ದೊಡ್ಡ ಕಾರು, ಚೆನ್ನಾಗಿ ನೋಡಿಕೊಂಡ ಸಣ್ಣ ಕಾರಿಗಿಂತ ಸುರಕ್ಷಿತ ಎಂದು ನಂಬಲು ಕಾರಣವಿಲ್ಲ. ತಕಾಟಾ ಕಂಪನಿಯ ಏರ್‌ಬ್ಯಾಗುಗಳ ಒಳಗಿನ ರಾಸಾಯನಿಕ ವರ್ಷಗಟ್ಟಲೆ ಕಾವು ಮತ್ತು ತೇವಕ್ಕೆ ಕೆಟ್ಟು, ಅವು ಬಿಚ್ಚಿಕೊಳ್ಳುವಾಗ ಲೋಹದ ಚೂರುಗಳನ್ನು ಸಿಡಿಸುತ್ತಿದ್ದವು. ಅದಕ್ಕಾಗಿ ಜಗತ್ತಿನಾದ್ಯಂತ ಕೋಟ್ಯಂತರ ಕಾರುಗಳನ್ನು ವಾಪಸು ಕರೆಸಲಾಯಿತು, ಅವುಗಳಲ್ಲಿ ಈ ದೊಡ್ಡ ಹೆಸರುಗಳ ಕಾರುಗಳೂ ಇದ್ದವು. ಹಳೆಯ ಕಾರು ಕೊಳ್ಳುವವರು ಚಾಸಿ ನಂಬರ್ ಕೊಟ್ಟು ಅದರ ಏರ್‌ಬ್ಯಾಗ್ ಬದಲಾಗಿದೆಯೇ ಎಂದು ಕಂಪನಿಯಲ್ಲಿ ವಿಚಾರಿಸಲೇಬೇಕು, ಬಾಕಿಯಿದ್ದರೆ ಬದಲಿಸಿಕೊಡುವುದು ಉಚಿತ. ವಿಮೆಯೂ ಈ ಕಾರುಗಳ ಕೈ ಹಿಡಿಯುವುದಿಲ್ಲ. ಸಾಮಾನ್ಯ ಪಾಲಿಸಿಯಲ್ಲಿ ರಬ್ಬರು, ಪ್ಲಾಸ್ಟಿಕ್, ಬ್ಯಾಟರಿ, ಏರ್‌ಬ್ಯಾಗಿನ ಬೆಲೆಯಲ್ಲಿ ಅರ್ಧ ಕಡಿತ, ಕಾರಿಗೆ ಹತ್ತು ವರ್ಷ ದಾಟಿದರೆ ಲೋಹದ ಭಾಗಗಳಿಗೂ ಅರ್ಧ ಕಡಿತ. ರಿಪೇರಿಯ ಖರ್ಚು ವಿಮೆ ಮಾಡಿದ ಬೆಲೆಯ 75 ಪರ್ಸೆಂಟು ದಾಟಿದರೆ ಕಾರು ಪೂರ್ತಿ ನಷ್ಟವೆಂದೇ ಲೆಕ್ಕ. ಆರು ಲಕ್ಷಕ್ಕೆ ವಿಮೆ ಮಾಡಿದ ಕಾರು ಎದುರಿಗೆ ಗುದ್ದಿ ಎರಡು ಏರ್‌ಬ್ಯಾಗು ಬಿಚ್ಚಿ, ಎರಡು ಹೆಡ್‌ಲೈಟು, ರೇಡಿಯೇಟರು, ಬಾನೆಟ್ಟು ಹೋದರೆ ಆ ಗಡಿ ಅಲ್ಲೇ ಮುಗಿಯುತ್ತದೆ. ಇಂಜಿನ್ನಿಗೆ ಗೀರೂ ಆಗದ ಕಾರು ಗುಜರಿಗೆ ಹೋಗುತ್ತದೆ.

ದೆಹಲಿಯಿಂದ ತಂದರೆ ಇನ್ನೂ ಅಗ್ಗ ಎನ್ನುವ ಮಧ್ಯವರ್ತಿಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಹತ್ತು ವರ್ಷ ಮೀರಿದ ಡೀಸೆಲ್ ಕಾರು ಅಲ್ಲಿ ಓಡಬಾರದೆಂಬ 2015ರ ಹಸಿರು ನ್ಯಾಯಮಂಡಳಿಯ ಆದೇಶ, 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದದ್ದು, ಇವುಗಳಿಂದ ಅಂಥ ಕಾರುಗಳ ಬೆಲೆ ಕುಸಿಯಿತು, ಕಾರುಗಳು ದಕ್ಷಿಣಕ್ಕೆ ಹರಿದುಬಂದವು. ಅಲ್ಲಿ ಉಳಿದ ದುಡ್ಡು ಇಲ್ಲಿ ತೆರಿಗೆಗೆ ಹೋಗುತ್ತದೆ. ಹೊರರಾಜ್ಯದ ಕಾರನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಳ್ಳುವುದಾದರೆ ಎನ್ಒಸಿ ತಂದು ಹೊಸ ನೋಂದಣಿ ಮಾಡಿಸಬೇಕು, ಕೆಎ-16 ನಂಬರ್ ಬೇಕಾದರೆ ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಬೇಕು. ಆ ತೆರಿಗೆಯ ಆಧಾರ ನೀವು ಕೊಟ್ಟ ಬೆಲೆಯಲ್ಲ, ಕಾರು ಹೊಸದಾಗಿದ್ದಾಗಿನ ಬೆಲೆ, ಅದರಲ್ಲಿ ವಯಸ್ಸಿಗೆ ತಕ್ಕ ಕಡಿತ. ಇಪ್ಪತ್ತು ಲಕ್ಷ ಮೀರಿದ ಕಾರಿಗೆ ಮೂಲ ದರವೇ 18 ಪರ್ಸೆಂಟು. ಮೇಲೆ ಹೇಳಿದ ನಿಯಮವೇ ಇಲ್ಲೂ ನಡೆಯುತ್ತದೆ: ಸರ್ಕಾರಕ್ಕೂ ಅದು ನಲವತ್ತು ಲಕ್ಷದ ಕಾರೇ. ಹದಿನೈದು ವರ್ಷ ತುಂಬಿದ ಮೇಲೆ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲಿನಿಂದ 5,000 ರೂಪಾಯಿ, ಇಪ್ಪತ್ತು ವರ್ಷ ದಾಟಿದರೆ 2025ರ ಆಗಸ್ಟಿನ ಅಧಿಸೂಚನೆಯಂತೆ 10,000. ಆಮದಾದ ಕಾರಾದರೆ ಅದು 80,000. ಪೆಟ್ರೋಲ್ ಕಾರಿನವರಿಗೆ ಇನ್ನೊಂದು ಸಣ್ಣ ಹೊರೆ ಇಂಧನದ್ದು. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾದ, 20 ಪರ್ಸೆಂಟು ಎಥನಾಲ್ ಬೆರೆತ ಪೆಟ್ರೋಲ್ ಈಗ ಎಲ್ಲ ಬಂಕುಗಳಲ್ಲಿ ಬರುತ್ತಿದೆ. ಹಳೆಯ ವಾಹನಗಳಲ್ಲಿ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್‌ಗಳನ್ನು ಬದಲಿಸಬೇಕಾಗಬಹುದು ಎಂದು ಕೇಂದ್ರ ಪೆಟ್ರೋಲಿಯಂ ಸಚಿವಾಲಯವೇ ಹೇಳಿದೆ.

ಇಷ್ಟರ ಮೇಲೂ ಆಸೆ ಬಿಡದವರಿಗೆ ಬೇಡವೇ ಬೇಡ ಎನ್ನುವುದು ನನ್ನ ಉದ್ದೇಶವಲ್ಲ. ಮನೆಯಲ್ಲಿ ದಿನದ ಓಡಾಟಕ್ಕೆ ಬೇರೊಂದು ವಾಹನವಿದ್ದು, ಕೊಳ್ಳುವ ಬೆಲೆಯ ಮೂರನೇ ಒಂದು ಭಾಗವನ್ನು ಬ್ಯಾಂಕಿನಲ್ಲಿ ಮುಟ್ಟದೆ ಇಡಬಲ್ಲವರು ಇದಕ್ಕೆ ಕೈ ಹಾಕಬಹುದು. ಆದರೆ ಆರಿಸಿಕೊಳ್ಳಬೇಕಾದ್ದು ಎಲ್ಲ ಸೌಲಭ್ಯಗಳ ಟಾಪ್ ಮಾಡೆಲ್ಲನ್ನಲ್ಲ. ಗಾಳಿಚೀಲವಿಲ್ಲದೆ ಕಬ್ಬಿಣದ ಸ್ಪ್ರಿಂಗಿನ ಮೇಲೆ ನಿಂತದ್ದು, ಬಾಗಿಲು ಸೆಳೆದುಕೊಳ್ಳುವ ಮೋಟರು, ರಾತ್ರಿ ನೋಡುವ ಕ್ಯಾಮೆರಾ ಎಂಬ ಅಲಂಕಾರಗಳಿಲ್ಲದ್ದು, ಮೊದಲಿನಿಂದ ಕರ್ನಾಟಕದ ನಂಬರಿನಲ್ಲೇ ಇರುವುದು, ಪ್ರತಿ ಸರ್ವಿಸಿನ ಬಿಲ್ಲು ಇರುವುದು ಸಿಕ್ಕರೆ ಅದನ್ನು ನೋಡಬಹುದು. ಒಂದು ಲಕ್ಷ ಓಡಿ ಗೇರ್‌ಬಾಕ್ಸ್ ಎಣ್ಣೆ ಬದಲಿಸಿದ ಕಾರು, ಐವತ್ತು ಸಾವಿರ ಓಡಿ ಏನೂ ಮಾಡಿಸದ ಕಾರಿಗಿಂತ ಮೇಲು. ನೋಡಲು ಹೋಗುವ ದಿನ ಮಾರುವವರಿಗೆ ಮೊದಲೇ ಹೇಳಿ ಕಾರನ್ನು ಹಿಂದಿನ ರಾತ್ರಿಯಿಂದ ಸ್ಟಾರ್ಟ್ ಮಾಡದಂತೆ ಕೇಳಿಕೊಳ್ಳಿ, ಬೆಳಿಗ್ಗೆ ಹೋಗಿ ಬಾನೆಟ್ ಮೇಲೆ ಕೈಯಿಟ್ಟು ತಣ್ಣಗಿದೆಯೇ ನೋಡಿ. ನಾಲ್ಕೂ ಚಕ್ರದ ಮೇಲೆ ಮಡ್‌ಗಾರ್ಡಿಗೆ ಇರುವ ಅಂತರವನ್ನು ಬೆರಳಿನಿಂದ ಅಳೆಯಿರಿ. ಆಮೇಲೆ ಸ್ಟಾರ್ಟ್ ಮಾಡಿಸಿ ಹಿಂದೆ ನಿಂತು ಹೊಗೆಯ ಬಣ್ಣ ನೋಡಿ, ಮೊದಲ ಅರ್ಧ ನಿಮಿಷದ ಸದ್ದು ಕೇಳಿ. ನಿಂತಲ್ಲೇ ಗೇರನ್ನು ರಿವರ್ಸಿಗೆ, ಡ್ರೈವಿಗೆ ಹಾಕಿಸಿ, ಧಡಕ್ಕೆಂದು ಒದ್ದರೆ ಕಾರಣ ಕೇಳಿ. ನಂತರ ಈ ಕಾರುಗಳನ್ನೇ ರಿಪೇರಿ ಮಾಡುವ ಗ್ಯಾರೇಜಿಗೆ ಒಯ್ದು ಕೆಲವು ಸಾವಿರ ಕೊಟ್ಟು ಸ್ಕ್ಯಾನ್ ಮಾಡಿಸಿ, ಲಿಫ್ಟಿನ ಮೇಲೆ ಎತ್ತಿಸಿ ಹೊಟ್ಟೆ ನೋಡಿ. ಅಲ್ಲಿ ಬರೆದುಕೊಡುವ ಕೆಲಸಗಳ ಪಟ್ಟಿಯನ್ನು ಮಾರುವವರ ಮುಂದಿಟ್ಟು ಅಷ್ಟನ್ನು ಬೆಲೆಯಲ್ಲಿ ಕಳೆಯಲು ಕೇಳಿ. ಒಪ್ಪದಿದ್ದರೆ, ಬಸ್ಸು ಹತ್ತಿ ಚಳ್ಳಕೆರೆಗೆ ಬರಿಗೈಯಲ್ಲಿ ವಾಪಸು ಬರಲು ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗಿರಬೇಕು.